ಹಳೆಯ ಬೀದರ ಜಿಲ್ಲೆ: ಒಂದು ಪರಿಚಯ

ಗಚ್ಚಿಬೌಲಿಯಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳ ಹಳೆಯ ಕಾಗದಪತ್ರಗಳಲ್ಲಿ ‘ಜಿಲ್ಲೆ ಬೀದರ’ ಎಂದು ಬರೆದಿರುತ್ತದೆ. ಅದೇ ಊರನ್ನು ಇಂದಿನ ಬೀದರ ಜಿಲ್ಲೆಯ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಗದದಲ್ಲಿರುವುದು ಸರಿಯೇ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದಾಗಿತ್ತು. ಕನ್ನಡ, ಮರಾಠಿ, ತೆಲುಗು ಮೂರೂ ಅದರ ನೆಲದ ನುಡಿಗಳಾಗಿದ್ದವು, ನಿಜಾಮರ ಕಚೇರಿಯ ಭಾಷೆ ಉರ್ದು.

ಈ ಪ್ರದೇಶದ ಬೆನ್ನೆಲುಬು ಮಾಂಜ್ರಾ ನದಿ. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಲಾತೂರು, ಬೀದರ, ಸಂಗಾರೆಡ್ಡಿ ಸೀಮೆಗಳನ್ನು ಹಾದು, ಮುಂದೆ ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ಸಿಂಗೂರು ಜಲಾಶಯ ನಿಂತಿರುವುದು ಇದೇ ನದಿಯ ಮೇಲೆ. ಹೈದರಾಬಾದಿನವರು ದಶಕಗಳ ಕಾಲ ಈ ನೀರು ಕುಡಿದಿದ್ದೇವೆ. ಬೀದರ ಪಟ್ಟಣವಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಆ ಕಲ್ಲನ್ನು ಕೊರೆದು ನೆಲದೊಳಗೆ ನೀರು ಹರಿಸಿದ ಕರೇಜ್ ಕಾಲುವೆಗಳನ್ನು ನೌಬಾದಿನಲ್ಲಿ ಇಂದಿಗೂ ಕಾಣಬಹುದು. ಕೆಳಗಿನ ಕರಿಮಣ್ಣಿನಲ್ಲಿ ಜೋಳ, ತೊಗರಿ ಬೆಳೆಯುತ್ತವೆ.

ಕಲ್ಯಾಣ ಚಾಲುಕ್ಯರ ರಾಜಧಾನಿಯೂ ಹನ್ನೆರಡನೆಯ ಶತಮಾನದ ಶರಣರ ಕಾರ್ಯಕ್ಷೇತ್ರವೂ ಆದ ಕಲ್ಯಾಣ ಈ ಜಿಲ್ಲೆಯಲ್ಲಿಯೇ ಇತ್ತು. ಬಹಮನಿ ಅಹಮದ್ ಷಾ ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದನು. 1472ರಲ್ಲಿ ಮಹಮೂದ್ ಗವಾನನ ಮದರಸ ಸಿದ್ಧವಾಯಿತು. ಬರೀದ್ ಷಾಹಿಗಳು, ಬಿಜಾಪುರದವರು, ಮೊಗಲರು ಆಳಿದ ನಂತರ ಅದು ನಿಜಾಮರ ಕೈಸೇರಿತು. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಮುಗಿಯಿತು.

ನಮಗೆ ಮುಖ್ಯವಾದುದು 1956ರ ನವೆಂಬರ್ 1. ಅಂದು ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1960ರಿಂದ ಅವು ಮಹಾರಾಷ್ಟ್ರದಲ್ಲಿವೆ, 1982ರಿಂದ ಲಾತೂರು ಜಿಲ್ಲೆಯಲ್ಲಿ. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನಿಂದ ನ್ಯಾಲ್ಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಸೇರಿದವು. ಉಳಿದುದು ಮೈಸೂರು ರಾಜ್ಯದ ಬೀದರ ಜಿಲ್ಲೆಯಾಯಿತು. ಗಡಿ ತಾಲ್ಲೂಕಿನ ಅಂಚಿನಲ್ಲಿ ನಿಲ್ಲದೆ ಸರ್ಕಲ್ ಸರ್ಕಲ್‌ಗಳ ನಡುವೆ ಹಾದುದರಿಂದ, ಮದುವೆ ಸಂಬಂಧವಿದ್ದ ಊರುಗಳು ಬೇರೆ ಬೇರೆ ರಾಜ್ಯಗಳಾದವು. ಜಹೀರಾಬಾದ್, ನಾರಾಯಣಖೇಡ ಕಡೆ ಕನ್ನಡ ಮಾತನಾಡುವ ಮನೆಗಳು ಇಂದಿಗೂ ಇವೆ.

ಆಂಧ್ರಕ್ಕೆ ಸೇರಿದ ಈ ಭಾಗ ಮೊದಲು ಮೆದಕ್ ಜಿಲ್ಲೆಯಲ್ಲಿತ್ತು. 2014ರಲ್ಲಿ ತೆಲಂಗಾಣಕ್ಕೆ, 2016ರಲ್ಲಿ ಹೊಸ ಸಂಗಾರೆಡ್ಡಿ ಜಿಲ್ಲೆಗೆ ಬಂದಿತು. ಒಂದೇ ಹೊಲದ ಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರಿರಲು ಇದೇ ಕಾರಣ. ಬ್ಯಾಂಕಿನಲ್ಲಿ ಇಂತಹ ಪತ್ರಗಳು ನಮ್ಮ ಮೇಜಿಗೆ ಬಂದಾಗ ಜಿಲ್ಲೆಯ ಹೆಸರನ್ನು ಬದಿಗಿಟ್ಟು, ಗ್ರಾಮ ಮತ್ತು ಹಳೆಯ ತಾಲ್ಲೂಕು ಯಾವುದೆಂದು ಮೊದಲು ಕೇಳುತ್ತೇವೆ. ಹಿರಿಯರ ದಾಖಲೆ ಹುಡುಕುವವರೂ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.