ರಷ್ಯನ್ ಹೆಸರಿನ ಇಂಗ್ಲಿಷ್ ನರ್ತಕ

1921ರ ನವೆಂಬರ್ 2ರಂದು ಲಂಡನ್ನಿನ ಅಲ್‌ಹಾಂಬ್ರಾ ಥಿಯೇಟರಿನಲ್ಲಿ ರಷ್ಯದ ಸೆರ್ಗೆ ದಿಯಾಗಿಲೆವ್ ತನ್ನ ಬ್ಯಾಲೆ ತಂಡದೊಡನೆ ‘ನಿದ್ರಿಸುವ ರಾಜಕುಮಾರಿ’ಯನ್ನು ರಂಗಕ್ಕೆ ತಂದ. ಸಂಗೀತ ಚೈಕೋವ್‌ಸ್ಕಿಯದು, ರಂಗಸಜ್ಜಿಕೆ ಮತ್ತು ಉಡುಪು ಲಿಯೋನ್ ಬಾಕ್ಸ್ಟ್‌ನದು. ನಾಯಕ ನಾಯಕಿಯರ ಹಿಂದೆ ಸಾಲಾಗಿ ನಿಂತು ಕುಣಿಯುವವರ ನಡುವೆ ಹದಿನೇಳು ವರ್ಷದ ಒಬ್ಬ ಹುಡುಗನಿದ್ದ. ಅವನು ಅಲ್ಲಿ ಕುಣಿದದ್ದು ‘ಪ್ಯಾಟ್ರಿಕೇಯೆಫ್’ ಎಂಬ ಹೆಸರಿನಲ್ಲಿ. ಹೆಸರು ಓದಿದವರು ಯಾರೋ ರಷ್ಯನ್ ಹುಡುಗ ಎಂದುಕೊಳ್ಳಬೇಕು. ಆದರೆ ಅವನಿಗೂ ರಷ್ಯಕ್ಕೂ ಯಾವ ನಂಟೂ ಇರಲಿಲ್ಲ. 1904ರ ಜುಲೈ 27ರಂದು ಅವನು ಹುಟ್ಟಿದ್ದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸ್ಲಿನ್‌ಫೋಲ್ಡ್ ಎಂಬ ಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ಸಿಡ್ನಿ ಫ್ರಾನ್ಸಿಸ್ ಪ್ಯಾಟ್ರಿಕ್ ಚಿಪ್ಪೆಂಡಾಲ್ ಹೀಲಿ-ಕೇ. ಅದರೊಳಗಿನ ಪ್ಯಾಟ್ರಿಕ್‌ಗೆ ಒಂದು ರಷ್ಯನ್ ಬಾಲ ಅಂಟಿಸಿದ್ದರು, ಅಷ್ಟೆ. ಎರಡು ವರ್ಷಗಳಲ್ಲಿ ಆ ಹೆಸರೂ ಹೋಗಿ ‘ಆಂಟನ್ ಡೋಲಿನ್’ ಎಂಬ ಮತ್ತೊಂದು ರಷ್ಯನ್ ಹೆಸರು ಬಂತು. ಅದೇ ಕೊನೆಯವರೆಗೂ ಉಳಿಯಿತು.

ಇದು ಒಬ್ಬ ಹುಡುಗನ ಹುಚ್ಚಲ್ಲ. ಆ ಕಾಲದ ಲಂಡನ್ನಿನ ಪ್ರೇಕ್ಷಕರಿಗೆ ಬ್ಯಾಲೆ ಎಂದರೆ ರಷ್ಯನ್ನರ ವಿದ್ಯೆ. ದಿಯಾಗಿಲೆವ್‌ನ ತಂಡ 1909ರಲ್ಲಿ ಪ್ಯಾರಿಸ್ಸನ್ನೂ 1911ರಲ್ಲಿ ಲಂಡನ್ನನ್ನೂ ಬೆರಗುಗೊಳಿಸಿದ ಮೇಲೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಇಂಗ್ಲಿಷರು ವ್ಯಾಪಾರ ಬಲ್ಲರು, ಕ್ರಿಕೆಟ್ ಬಲ್ಲರು, ನಾಟಕವನ್ನಂತೂ ಬಲ್ಲರು. ಬ್ಯಾಲೆ ಮಾತ್ರ ಅವರ ರಕ್ತದಲ್ಲಿಲ್ಲ ಎಂದು ಇಂಗ್ಲಿಷರೇ ನಂಬಿದ್ದರು. ಹಾಗಾಗಿ ಆ ತಂಡ ಸೇರಿದ ಹಿಲ್ಡಾ ಮನಿಂಗ್ಸ್ ಲಿಡಿಯಾ ಸೊಕೊಲೋವಾ ಆದಳು. ಲಿಲಿಯನ್ ಅಲಿಸಿಯಾ ಮಾರ್ಕ್ಸ್ ಎಂಬ ಲಂಡನ್ನಿನ ಹುಡುಗಿ ಅಲಿಸಿಯಾ ಮಾರ್ಕೋವಾ ಆದಳು. ಐರ್ಲೆಂಡಿನಲ್ಲಿ ಹುಟ್ಟಿದ ಎಡ್ರಿಸ್ ಸ್ಟ್ಯಾನಸ್ ರಷ್ಯನ್ ಹೆಸರಿನ ಬದಲು ಫ್ರೆಂಚ್ ಹೆಸರು ಹಿಡಿದು ನಿನೆಟ್ ದ ವಾಲ್ವಾ ಆದಳು. ಸ್ವಂತ ಹೆಸರಿನಲ್ಲಿ ಕುಣಿದರೆ ಟಿಕೆಟ್ ಮಾರಾಟವಾಗದು ಎಂಬ ಭಯ ಎಲ್ಲರಿಗೂ ಇತ್ತು.

ಗಂಡಸರ ಪಾಡು ಇನ್ನೂ ಕಷ್ಟದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ಯೂರೋಪಿನ ಬ್ಯಾಲೆ ಕ್ರಮೇಣ ಹೆಂಗಸರ ಕಲೆಯಾಗಿ ಹೋಯಿತು. ತುದಿಬೆರಳ ಮೇಲೆ ನಿಂತು ಗಾಳಿಯಲ್ಲಿ ತೇಲುವಂತೆ ಕಾಣುವ ನರ್ತಕಿಯೇ ಕಣ್ಮಣಿ; ಗಂಡಸು ಅವಳನ್ನು ಎತ್ತಿ ಇಳಿಸುವ ಆಳು. ಕೊನೆಗೆ ಆ ಆಳೂ ಬೇಡವಾದ. 1870ರಲ್ಲಿ ಪ್ಯಾರಿಸ್ಸಿನಲ್ಲಿ ‘ಕೊಪೇಲಿಯಾ’ ಮೊದಲ ಪ್ರದರ್ಶನ ಕಂಡಾಗ ಅದರ ನಾಯಕ ಫ್ರಾಂಜ್‌ನ ಪಾತ್ರವನ್ನು ಮಾಡಿದ್ದು ಗಂಡುವೇಷದ ಒಬ್ಬ ಹೆಣ್ಣು. ಲಂಡನ್ನಿನ ಮ್ಯೂಸಿಕ್ ಹಾಲ್‌ಗಳ ಬ್ಯಾಲೆಗಳಲ್ಲೂ ಇದೇ ಪದ್ಧತಿ ನಡೆಯುತ್ತಿತ್ತು. ಗಂಡಸರಿಗೆ ಶಾಸ್ತ್ರೋಕ್ತ ಶಿಕ್ಷಣ ಕೊಟ್ಟು ಉಳಿಸಿಕೊಂಡಿದ್ದ ದೊಡ್ಡ ನೆಲೆಗಳೆಂದರೆ ರಷ್ಯದ ಚಕ್ರವರ್ತಿಯ ಶಾಲೆಗಳು. ನಿಜಿನ್‌ಸ್ಕಿ ಬಂದದ್ದು ಅಲ್ಲಿಂದಲೇ. ಆದ್ದರಿಂದ ಗಂಡು ನರ್ತಕ ಎಂದರೆ ರಷ್ಯನ್ ಎಂದೇ ಜನ ತಿಳಿದರೆ ಆಶ್ಚರ್ಯವಿಲ್ಲ.

ಸಿಡ್ನಿ ಹುಡುಗನಾಗಿದ್ದಾಗ ಕುಟುಂಬ ಸಮುದ್ರತೀರದ ಬ್ರೈಟನ್ ಕಡೆಗೆ ಬಂತು. ಅಲ್ಲಿ ನೃತ್ಯದ ಮೊದಲ ಪಾಠಗಳಾದವು. ಬಾಲನಟನಾಗಿ ‘ಪೀಟರ್ ಪ್ಯಾನ್’ ಮೊದಲಾದ ನಾಟಕಗಳಲ್ಲೂ ಆತ ಕಾಣಿಸಿಕೊಂಡ. ಆಮೇಲೆ ದೊರೆತವಳು ನಿಜವಾದ ಗುರು. ಸೆರಾಫಿನಾ ಅಸ್ತಾಫ್ಯೇವಾ ಎಂಬ ರಷ್ಯನ್ ನರ್ತಕಿ ಲಂಡನ್ನಿನ ಚೆಲ್ಸೀ ಬಡಾವಣೆಯಲ್ಲಿ ಶಾಲೆ ತೆರೆದಿದ್ದಳು. ದಿಯಾಗಿಲೆವ್ ಹೊಸಬರನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದ. ಡೋಲಿನ್ ಅವನ ಕಣ್ಣಿಗೆ ಬಿದ್ದದ್ದು ಹಾಗೆ. ಪುಟ್ಟ ಹುಡುಗಿ ಮಾರ್ಕೋವಾ ಕಲಿಯುತ್ತಿದ್ದುದೂ ಅದೇ ಶಾಲೆಯಲ್ಲಿ.

‘ನಿದ್ರಿಸುವ ರಾಜಕುಮಾರಿ’ ನೂರಕ್ಕೂ ಹೆಚ್ಚು ಪ್ರದರ್ಶನ ಕಂಡರೂ ಹಣದ ಲೆಕ್ಕದಲ್ಲಿ ಮುಳುಗಿತು. ಬಂಡವಾಳ ಹೂಡಿದ್ದ ಆಸ್ವಲ್ಡ್ ಸ್ಟಾಲ್ ಸಾಲದ ಬಾಬ್ತು ರಂಗಸಜ್ಜಿಕೆಯನ್ನೆಲ್ಲ ಹಿಡಿದಿಟ್ಟುಕೊಂಡ. ಆದರೆ ಹುಡುಗನ ದಾರಿ ತೆರೆದಿತ್ತು. 1924ರ ಆರಂಭದಲ್ಲಿ ಮಾಂಟಿ ಕಾರ್ಲೋದಲ್ಲಿ ಆತ ದಿಯಾಗಿಲೆವ್ ತಂಡದ ಪ್ರಮುಖ ಪಾತ್ರಗಳಿಗೆ ಏರಿದ. ಅದೇ ವರ್ಷದ ಜೂನ್ 20ರಂದು ಪ್ಯಾರಿಸ್ಸಿನಲ್ಲಿ ‘ನೀಲಿ ರೈಲು’ ಎಂಬ ಬ್ಯಾಲೆ ರಂಗಕ್ಕೆ ಬಂತು. ಕಥೆ ಕವಿ ಝಾನ್ ಕಾಕ್ತೋನದು, ನೃತ್ಯ ಸಂಯೋಜನೆ ನಿಜಿನ್‌ಸ್ಕಿಯ ತಂಗಿ ಬ್ರೊನಿಸ್ಲಾವಾ ನಿಜಿನ್‌ಸ್ಕಾಳದು, ಸಂಗೀತ ಮಿಯೋದು, ಉಡುಪು ಕೊಕೊ ಶನೆಲ್‌ಳದು; ಮುಂಪರದೆಯ ಚಿತ್ರ ಪಿಕಾಸೋನದು. ಶ್ರೀಮಂತರನ್ನು ಪ್ಯಾರಿಸ್ ಕಡೆಯಿಂದ ದಕ್ಷಿಣದ ಕಡಲತೀರಕ್ಕೆ ಒಯ್ಯುವ ಐಷಾರಾಮಿ ರೈಲಿನ ಹೆಸರನ್ನು ಅದಕ್ಕೆ ಇಟ್ಟಿದ್ದರು. ರಂಗದ ಮೇಲೆ ರೈಲು ಬರುವುದೇ ಇಲ್ಲ. ಅಲ್ಲಿರುವುದು ಈಜುಡುಗೆ ತೊಟ್ಟ ಯುವಕ ಯುವತಿಯರು, ಒಬ್ಬ ಟೆನಿಸ್ ಆಟಗಾರ್ತಿ, ಒಬ್ಬ ಗಾಲ್ಫ್ ಆಟಗಾರ. ಅವರ ನಡುವೆ ಕೈಗಳ ಮೇಲೆ ನಿಂತು, ಲಾಗ ಹಾಕಿ, ಚಿಮ್ಮಿ ಮೆರೆಯುವ ಚೆಲುವನ ಪಾತ್ರ ಡೋಲಿನ್‌ನದು. ತಾಲೀಮಿನ ಬಿಡುವಿನಲ್ಲಿ ಆತ ಮಾಡುತ್ತಿದ್ದ ಕಸರತ್ತುಗಳೇ ಆ ಪಾತ್ರಕ್ಕೆ ಪ್ರೇರಣೆ. 1925ರಲ್ಲಿ ಆತ ತಂಡ ಬಿಟ್ಟಾಗ ‘ನೀಲಿ ರೈಲು’ ನಿಂತೇ ಹೋಯಿತು. ಆ ಪಾತ್ರವನ್ನು ಹೊರಬಲ್ಲ ಇನ್ನೊಬ್ಬ ಸಿಗಲಿಲ್ಲ. ಪಿಕಾಸೋ ಪರದೆ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಆಸ್ತಿ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ರಷ್ಯನ್ ಎಂದು ಹೆಸರು ಹೊತ್ತ ಇಂಗ್ಲಿಷ್ ಹುಡುಗ ಗೆದ್ದದ್ದು ಇಂಗ್ಲಿಷ್ ಶಾಲೆಯ ಯಾವ ಹುಡುಗನೂ ಮೈದಾನದಲ್ಲಿ ಮಾಡಬಹುದಾದ ಕಸರತ್ತಿನಿಂದ. ಅವನ ದೇಹದಲ್ಲಿದ್ದುದನ್ನು ಪ್ಯಾರಿಸ್ ಮೆಚ್ಚಿತು. ಆದರೂ ಅದನ್ನು ಇಂಗ್ಲಿಷ್ ಹೆಸರಿನಿಂದ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿರಲಿಲ್ಲ.

ಕೆಲಕಾಲ ಮ್ಯೂಸಿಕ್ ಹಾಲ್‌ಗಳಲ್ಲಿ ದುಡಿದು ಡೋಲಿನ್ ಮತ್ತೆ ದಿಯಾಗಿಲೆವ್ ಬಳಿಗೆ ಮರಳಿದ. ಆದರೆ 1929ರ ಆಗಸ್ಟ್ 19ರಂದು ವೆನಿಸ್ಸಿನಲ್ಲಿ ದಿಯಾಗಿಲೆವ್ ತೀರಿಕೊಂಡ, ತಂಡ ಚದುರಿಹೋಯಿತು. ಡೋಲಿನ್, ಮಾರ್ಕೋವಾರಂಥವರಿಗೆ ದಿಢೀರನೆ ಮನೆಯೇ ಇಲ್ಲದಂತಾಯಿತು. ಇಂಗ್ಲೆಂಡಿನಲ್ಲಿ ಆಗ ಸ್ಥಿರವಾದ ಒಂದು ಬ್ಯಾಲೆ ತಂಡವೂ ಇರಲಿಲ್ಲ.

ಆ ಕೊರತೆಯಿಂದಲೇ ಹೊಸದು ಹುಟ್ಟಿತು. 1930ರಲ್ಲಿ ಲಂಡನ್ನಿನ ಕೆಲವು ಕಲಾಭಿಮಾನಿಗಳು ಕಮಾರ್ಗೊ ಸೊಸೈಟಿ ಎಂಬ ಸಂಘ ಕಟ್ಟಿ, ಚಂದಾ ಎತ್ತಿ ಬ್ಯಾಲೆ ಪ್ರದರ್ಶನ ಏರ್ಪಡಿಸಲು ತೊಡಗಿದರು. ಅದರ ಹಣಕಾಸು ನೋಡಿಕೊಂಡವನು ಅರ್ಥಶಾಸ್ತ್ರಜ್ಞ ಮೇನಾರ್ಡ್ ಕೇನ್ಸ್. ಅವನ ತಮ್ಮ ಜೆಫ್ರಿ ಕೇನ್ಸ್ ವೃತ್ತಿಯಿಂದ ಶಸ್ತ್ರವೈದ್ಯ, ಪ್ರವೃತ್ತಿಯಿಂದ ಕವಿ ವಿಲಿಯಂ ಬ್ಲೇಕನ ವಿದ್ವಾಂಸ. ಬೈಬಲ್ಲಿನ ಯೋಬನ ಕಥೆಗೆ ಬ್ಲೇಕ್ ರಚಿಸಿದ ಚಿತ್ರಗಳನ್ನು ಬ್ಯಾಲೆಯಾಗಿಸಬೇಕೆಂದು ಅವನ ಆಸೆ. ಈ ಯೋಜನೆಯನ್ನು ಹಿಂದೆ ದಿಯಾಗಿಲೆವ್‌ಗೆ ತೋರಿಸಿದಾಗ, ಇದು ತೀರ ಇಂಗ್ಲಿಷ್ ಆಯಿತು ಎಂದು ಆತ ತಳ್ಳಿಹಾಕಿದ್ದ.

ದಿಯಾಗಿಲೆವ್ ಬೇಡವೆಂದ ಆ ‘ಜಾಬ್’ 1931ರ ಜುಲೈ 5ರಂದು ಲಂಡನ್ನಿನ ಕೇಂಬ್ರಿಜ್ ಥಿಯೇಟರಿನಲ್ಲಿ ಪ್ರದರ್ಶನಗೊಂಡಿತು. ಸಂಗೀತ ವಾಘನ್ ವಿಲಿಯಮ್ಸ್‌ನದು, ಸಂಯೋಜನೆ ನಿನೆಟ್ ದ ವಾಲ್ವಾಳದು. ಸೈತಾನನ ಪಾತ್ರ ಡೋಲಿನ್‌ನದು. ಸಿಂಹಾಸನದ ಮೆಟ್ಟಿಲುಗಳಿಂದ ತಲೆಕೆಳಗಾಗಿ ಉರುಳಿ ಬೀಳುವ ಆ ಸೈತಾನ ನರ್ತಕಿಯನ್ನು ಎತ್ತಿ ಇಳಿಸುವ ಆಳಲ್ಲ. ಇಡೀ ಬ್ಯಾಲೆಯ ಚಾಲಕಶಕ್ತಿಯೇ ಅವನು. ಚಿತ್ರ, ಸಂಗೀತ, ಯೋಜನೆ ಎಲ್ಲವೂ ಇಂಗ್ಲಿಷ್. ಹೆಸರುಗಳು ಮಾತ್ರ ಪರದೇಶದವು: ಸಂಯೋಜಕಿಯದು ಫ್ರೆಂಚ್, ಸೈತಾನನದು ರಷ್ಯನ್.

ಅದೇ ವರ್ಷ ದ ವಾಲ್ವಾ, ರಂಗಮಂದಿರಗಳ ಒಡತಿ ಲಿಲಿಯನ್ ಬೇಲಿಸಳ ಆಶ್ರಯದಲ್ಲಿ ವಿಕ್-ವೆಲ್ಸ್ ಬ್ಯಾಲೆ ಎಂಬ ತಂಡ ಆರಂಭಿಸಿದಳು. 1956ರಲ್ಲಿ ರಾಜಮನ್ನಣೆ ಪಡೆದು ರಾಯಲ್ ಬ್ಯಾಲೆಯಾದದ್ದು ಇದೇ. ಆರಂಭದ ದಿನಗಳಲ್ಲಿ ಜನರನ್ನು ಸೆಳೆಯಲು ಈ ಪುಟ್ಟ ತಂಡಕ್ಕೆ ಹೆಸರಾಂತ ನರ್ತಕರು ಬೇಕಿದ್ದರು. ಡೋಲಿನ್ ಅತಿಥಿ ನರ್ತಕನಾಗಿ ಬಂದ. 1934ರ ಹೊಸವರ್ಷದ ದಿನ ಆತ ಮತ್ತು ಮಾರ್ಕೋವಾ ಈ ತಂಡದ ‘ಜಿಸೆಲ್’ನಲ್ಲಿ ಕುಣಿದರು. ರೈತನ ವೇಷದಲ್ಲಿ ಸುಳ್ಳು ಹೆಸರು ಹೇಳಿಕೊಂಡು ಹಳ್ಳಿಯ ಹುಡುಗಿಯ ಮನಗೆಲ್ಲುವ ಕುಲೀನ ಆಲ್ಬ್ರೆಕ್ಟ್, ಮೋಸ ತಿಳಿದು ಎದೆಯೊಡೆದು ಸಾಯುವ ಜಿಸೆಲ್ — ಈ ಜೋಡಿ ಪಾತ್ರಗಳು ಮುಂದೆ ಇಬ್ಬರ ಹೆಸರಿನೊಂದಿಗೂ ಬೆಸೆದುಕೊಂಡವು.

ಜೋಡಿ ನೃತ್ಯದಲ್ಲಿ ಗಂಡಸಿನ ಕೆಲಸ ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ವಾಸ್ತವದಲ್ಲಿ ನರ್ತಕಿಯ ತೂಕ ಯಾವ ಕ್ಷಣಕ್ಕೆ ಎಲ್ಲಿರುತ್ತದೆ ಎಂಬುದನ್ನು ಆತ ಅವಳಿಗಿಂತ ಮೊದಲೇ ಅರಿಯಬೇಕು. ಅವಳು ನೆಗೆಯುವ ಹೊತ್ತಿಗೂ ಅವನ ತೋಳು ಏರುವ ಹೊತ್ತಿಗೂ ಎಳ್ಳಷ್ಟು ಅಂತರ ಬಿದ್ದರೆ ಹಾರಾಟವು ಹೊರೆ ಎತ್ತಿದಂತಾಗುತ್ತದೆ. ಈ ವಿದ್ಯೆಯ ಮೇಲೆಯೇ ಡೋಲಿನ್ 1949ರಲ್ಲಿ ಒಂದು ಪುಸ್ತಕ ಬರೆದ. ಮಾರ್ಕೋವಾ ರಂಗದ ಮೇಲೆ ತೂಕವೇ ಇಲ್ಲದವಳಂತೆ ಕಂಡದ್ದರಲ್ಲಿ ಅವನ ಪಾಲೂ ಇತ್ತು.

1935ರಲ್ಲಿ ಇಬ್ಬರೂ ಸೇರಿ ಮಾರ್ಕೋವಾ-ಡೋಲಿನ್ ತಂಡ ಕಟ್ಟಿದರು. ಲಾರಾ ಹೆಂಡರ್ಸನ್ ಎಂಬ ಶ್ರೀಮಂತ ವಿಧವೆ ಹಣ ಒದಗಿಸಿದಳು. ಲಂಡನ್ನಿನಾಚೆ ಬ್ಯಾಲೆಯನ್ನೇ ಕಾಣದ ಊರುಗಳಿಗೆ ಈ ತಂಡ ತಿರುಗಿತು. ಮಾರ್ಕೋವಾ ವಿಕ್-ವೆಲ್ಸ್ ಬಿಟ್ಟದ್ದು ಆ ತಂಡಕ್ಕೆ ನಷ್ಟ. ಆದರೆ ಅವಳ ಪಾತ್ರಗಳನ್ನು ಹಂತಹಂತವಾಗಿ ಹೊತ್ತುಕೊಂಡು ಬೆಳೆದ ಹದಿಹರೆಯದ ಹುಡುಗಿಯೇ ಮುಂದೆ ಜಗತ್ಪ್ರಸಿದ್ಧಳಾದ ಮಾರ್ಗಟ್ ಫಾಂಟೇನ್.

ಎರಡನೆಯ ಮಹಾಯುದ್ಧದ ವರ್ಷಗಳನ್ನು ಡೋಲಿನ್ ಕಳೆದದ್ದು ಅಮೆರಿಕದಲ್ಲಿ. 1940ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಬ್ಯಾಲೆ ಥಿಯೇಟರ್ ತಂಡದಲ್ಲಿ 1946ರವರೆಗೆ ದುಡಿದ. ‘ಜಿಸೆಲ್’ ಮೊದಲಾದ ಹಳೆಯ ಕೃತಿಗಳನ್ನು ಅಲ್ಲಿನ ನರ್ತಕರಿಗೆ ಕಲಿಸಿದ. ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ನಾಲ್ವರು ಪ್ರಖ್ಯಾತ ನರ್ತಕಿಯರು ಒಟ್ಟಿಗೆ ಕುಣಿದಿದ್ದ, ಆದರೆ ಹೆಜ್ಜೆಗಳೆಲ್ಲ ಮರೆತುಹೋಗಿದ್ದ ಒಂದು ನೃತ್ಯವನ್ನು 1941ರಲ್ಲಿ ಹೊಸದಾಗಿ ಸಂಯೋಜಿಸಿದ. ‘ಪಾ ದ ಕಾತ್ರ್’ ಎಂಬ ಈ ಸಂಯೋಜನೆ ಈಗಲೂ ಹಲವು ತಂಡಗಳಲ್ಲಿ ನಡೆಯುತ್ತದೆ.

ಯುದ್ಧದ ನಂತರ ಇಂಗ್ಲೆಂಡಿಗೆ ಮರಳಿದ ಜೋಡಿ ಮತ್ತೆ ಪ್ರವಾಸ ಆರಂಭಿಸಿತು. ಇದರಿಂದಲೇ 1950ರಲ್ಲಿ ಫೆಸ್ಟಿವಲ್ ಬ್ಯಾಲೆ ಹುಟ್ಟಿತು. ಮರುವರ್ಷ ನಡೆಯಲಿದ್ದ ಬ್ರಿಟನ್ ಉತ್ಸವದ ನೆನಪಿಗೆ ಆ ಹೆಸರು. ಅಕ್ಟೋಬರ್ 24ರಂದು ಮೊದಲ ಪ್ರದರ್ಶನ ನಡೆದದ್ದು ಸ್ಟಾಲ್ ಥಿಯೇಟರಿನಲ್ಲಿ — ಹಿಂದೆ ದಿಯಾಗಿಲೆವ್‌ನ ರಂಗಸಜ್ಜಿಕೆಯನ್ನು ಸಾಲಕ್ಕೆ ಹಿಡಿದಿಟ್ಟ ಆ ಆಸ್ವಲ್ಡ್ ಸ್ಟಾಲ್‌ನ ಹೆಸರಿನದೇ ಅದು. ಸುಲಭ ದರದ ಟಿಕೆಟ್, ಊರೂರು ಸುತ್ತಾಟ, ಕ್ರಿಸ್‌ಮಸ್‌ಗೆ ‘ನಟ್‌ಕ್ರ್ಯಾಕರ್’ — ಇದು ತಂಡದ ನೀತಿ. ಮಾರ್ಕೋವಾ 1952ರಲ್ಲಿ ತಂಡ ಬಿಟ್ಟು ಬೇರೆ ಬೇರೆ ದೇಶಗಳಲ್ಲಿ ಕುಣಿದಳು. 1960ರಲ್ಲಿ ನಮ್ಮ ಬೆಂಗಳೂರಿನವರಾದ ರಾಮ್ ಗೋಪಾಲ್ ಅವರೊಡನೆ ರಾಧಾಕೃಷ್ಣ ನೃತ್ಯದಲ್ಲೂ ಪಾಲ್ಗೊಂಡಳು. ಡೋಲಿನ್ ಮಾತ್ರ 1961ರವರೆಗೂ ಕಲಾ ನಿರ್ದೇಶಕನಾಗಿ ತಂಡವನ್ನು ನಡೆಸಿದ. 1989ರಲ್ಲಿ ಅದು ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಎಂಬ ಹೆಸರು ಪಡೆಯಿತು. ಇಂಗ್ಲಿಷ್ ಹೆಸರಿನಲ್ಲಿ ಬ್ಯಾಲೆ ನಡೆಯದು ಎಂದು ಹೆಸರು ಬದಲಿಸಿಕೊಂಡ ಇಬ್ಬರು ಕಟ್ಟಿದ ತಂಡಕ್ಕೆ ‘ಇಂಗ್ಲಿಷ್’ ಎಂಬ ಪದವೇ ಮೊದಲಕ್ಷರವಾಯಿತು.

1957ರಲ್ಲಿ ಡೋಲಿನ್ ಅದೇ ತಂಡಕ್ಕಾಗಿ ನಾಲ್ವರು ಗಂಡಸರು ಮಾತ್ರ ಕುಣಿಯುವ ಒಂದು ನೃತ್ಯ ಸಂಯೋಜಿಸಿದ. ನರ್ತಕಿಯೇ ಇಲ್ಲದ ರಂಗದಲ್ಲಿ ನಾಲ್ವರೂ ತಮ್ಮ ತಮ್ಮ ಕೌಶಲ ತೋರುತ್ತಾರೆ. ನಾಯಕನ ಪಾತ್ರವನ್ನೂ ಹೆಂಗಸಿಗೆ ಒಪ್ಪಿಸಿದ್ದ ಕಲೆ ಎಷ್ಟು ದೂರ ಬಂದಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಆ ಹೊತ್ತಿಗೆ ಬ್ರಿಟನ್ನಿನ ಹುಡುಗರು ರಷ್ಯನ್ ಹೆಸರಿನ ಹಂಗಿಲ್ಲದೆ ರಂಗಕ್ಕೆ ಬರುತ್ತಿದ್ದರು. ಹೆರಾಲ್ಡ್ ಟರ್ನರ್, ಮೈಕೆಲ್ ಸೋಮ್ಸ್, ಆಮೇಲೆ ಆಂಥೊನಿ ಡೌಯೆಲ್ ಅಪ್ಪಟ ಇಂಗ್ಲಿಷ್ ಹೆಸರಿನಲ್ಲೇ ನಾಯಕರಾದರು.

ಮುಪ್ಪಿನಲ್ಲಿ ಡೋಲಿನ್‌ಗೆ ಒಂದು ಸಿನಿಮಾ ಪಾತ್ರ ಸಿಕ್ಕಿತು. 1980ರ ‘ನಿಜಿನ್‌ಸ್ಕಿ’ ಚಿತ್ರದಲ್ಲಿ ದಿಯಾಗಿಲೆವ್ ತಂಡದ ಗುರು ಚೆಕೆಟ್ಟಿಯಾಗಿ ಆತ ನಟಿಸಿದ. ಮರುವರ್ಷ ಬ್ರಿಟಿಷ್ ಸರ್ಕಾರ ನೈಟ್ ಪದವಿ ಕೊಟ್ಟಿತು. ಪಟ್ಟಿಯಲ್ಲಿ ಹೀಲಿ-ಕೇ ಎಂಬುದನ್ನು ಯಾರೂ ಹುಡುಕಲಿಲ್ಲ. ಲೋಕಕ್ಕೆ ಆತ ಸರ್ ಆಂಟನ್ ಡೋಲಿನ್. 1983ರ ನವೆಂಬರ್ 25ರಂದು, ಐವತ್ತೊಂಬತ್ತು ವರ್ಷಗಳ ಹಿಂದೆ ‘ನೀಲಿ ರೈಲು’ ತನ್ನನ್ನು ಪ್ರಸಿದ್ಧಿಗೆ ಒಯ್ದ ಪ್ಯಾರಿಸ್ಸಿನಲ್ಲೇ ಆತ ತೀರಿಕೊಂಡ. ಆದರೆ ಆತನ ಆಪ್ತರು ಆತನನ್ನು ಆಂಟನ್ ಎಂದು ಕರೆದವರಲ್ಲ. ಅವರ ಬಾಯಲ್ಲಿ ಆತ ‘ಪ್ಯಾಟ್’ — ಸ್ಲಿನ್‌ಫೋಲ್ಡ್ ಹಳ್ಳಿಯಲ್ಲಿ ಹುಟ್ಟಿದ ಪ್ಯಾಟ್ರಿಕ್.