ಹೊಂದಿಸಿ ಬರೆಯಿರಿ

ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೊಡುತ್ತಾರೆ. ಎಡಗಡೆ ಊರಿನ ಹೆಸರು, ಬಲಗಡೆ ಅದರ ಪ್ರಸಿದ್ಧಿ. ಗೆರೆ ಎಳೆದು ಹೊಂದಿಸಬೇಕು. ಉಡುಪಿಗೆ ಕೃಷ್ಣ ಮಠ, ಕಾರ್ಕಳಕ್ಕೆ ಗೊಮ್ಮಟ, ಮಣಿಪಾಲಕ್ಕೆ ಕಾಲೇಜು, ಕಾಪುವಿಗೆ ದೀಪಸ್ತಂಭ. ಮಕ್ಕಳು ಗೆರೆ ಎಳೆಯುತ್ತಾರೆ, ಮಾಸ್ಟ್ರು ನಾಲ್ಕಕ್ಕೆ ನಾಲ್ಕು ಕೊಡುತ್ತಾರೆ. ಅಲ್ಲಿಗೆ ಊರಿನ ಚರಿತ್ರೆ ಮುಗಿಯಿತು. ಮಠಕ್ಕೆ ಅಕ್ಕಿ ಎಲ್ಲಿಂದ ಬಂತು, ಗೊಮ್ಮಟನ ಕಲ್ಲಿಗೆ ಉಳಿ ಹಿಡಿದವ ಯಾರು, ಮಣಿಪಾಲದ ಗುಡ್ಡ ಅಗೆದದ್ದು ಯಾರ ಪಿಕ್ಕಾಸು? ಈ ಪ್ರಶ್ನೆಗಳಿಗೆ ಮಾರ್ಕಿಲ್ಲ. ಮಾರ್ಕಿಲ್ಲದ ಪ್ರಶ್ನೆಯನ್ನು ನಾವೇ ಕೇಳಬೇಕು.

ಅಮೆರಿಕದವರಿಗೂ ಈ ಚಟ ಉಂಟು. ನ್ಯೂಯಾರ್ಕ್ ವ್ಯಾಪಾರಕ್ಕೆ ದೊಡ್ಡದು, ಷಿಕಾಗೋ ರೈಲು ಮತ್ತು ಕಾರ್ಖಾನೆಗೆ ದೊಡ್ಡದು, ವಾಷಿಂಗ್ಟನ್ ರಾಜ್ಯಭಾರಕ್ಕೆ ದೊಡ್ಡದು ಎಂದು ಅವರೂ ಹೊಂದಿಸಿ ಬರೆದವರೇ. ಆದರೆ ಅಲ್ಲಿಯ ಕಪ್ಪು ಜನ ಅಷ್ಟಕ್ಕೆ ಬಿಡಲಿಲ್ಲ. 1790ರ ದಶಕದಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನ, ಅಧ್ಯಕ್ಷರ ಶ್ವೇತಭವನ ಕಟ್ಟುವಾಗ ಕಲ್ಲು ಒಡೆದವರಲ್ಲಿ, ಮರ ಕೊಯ್ದವರಲ್ಲಿ ಗುಲಾಮರು ಬಹಳ. ಅವರನ್ನು ಬಾಡಿಗೆಗೆ ತಂದದ್ದು. ಬಾಡಿಗೆ ಹಣ ಹೋದದ್ದು ಅವರ ಒಡೆಯರ ಕಿಸೆಗೆ. 2012ರಲ್ಲಿ ಅದೇ ಸಂಸತ್ ಭವನದಲ್ಲಿ ಇದನ್ನು ಒಪ್ಪಿಕೊಂಡು ಒಂದು ನೆನಪಿನ ಕಲ್ಲು ಇಟ್ಟರು. ನ್ಯೂಯಾರ್ಕಿನಲ್ಲಿ 1991ರಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ನೆಲ ಅಗೆಯುವಾಗ ಆಫ್ರಿಕನ್ನರ ಹಳೆಯ ಸ್ಮಶಾನ ಸಿಕ್ಕಿತು. ನಾನೂರಕ್ಕೂ ಹೆಚ್ಚು ಜನರ ಎಲುಬು ಹೊರಬಂತು. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು ಅದೇ ಊರಿನಲ್ಲಿ. ಷಿಕಾಗೋ ಎಂಬ ಪೇಟೆ ಆಗುವ ಮೊದಲೇ ಅಲ್ಲಿ ಮನೆ ಮಾಡಿ ವ್ಯಾಪಾರ ಹೂಡಿದವ ಪಾಯಿಂಟ್ ಡು ಸಾಬ್ಲ್ ಎಂಬ ಕಪ್ಪು ಮನುಷ್ಯ. ಸರೋವರದ ದಂಡೆಯ ಹೆದ್ದಾರಿಗೆ ಅವನ ಹೆಸರು ಸೇರಿದ್ದು 2021ರಲ್ಲಿ. ಕೇಳಿದ್ದಕ್ಕೆ ಬಂತು, ತಾನಾಗಿ ಬರಲಿಲ್ಲ.

ಈಗ ನಮ್ಮ ಊರುಗಳಿಗೆ ಬರುವ. ಮೊದಲು ಕಾರ್ಕಳ.

ಕಾರ್ಕಳದ ಗೊಮ್ಮಟ 42 ಅಡಿಯ ಏಕಶಿಲೆ. 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಆಯಿತು. ಮಾಡಿಸಿದವ ಭೈರರಸ ವಂಶದ ವೀರಪಾಂಡ್ಯ, ಪ್ರೇರಣೆ ಕೊಟ್ಟವ ಗುರು ಲಲಿತಕೀರ್ತಿ. ಮೂರ್ತಿಯ ಬದಿಯಲ್ಲೇ ಇರುವ ಶಾಸನ ಇದನ್ನು ಹೇಳುತ್ತದೆ. ಉಳಿ ಹಿಡಿದವನ ಹೆಸರು ಬೇಕಾದರೆ ಶಾಸನ ಬಿಟ್ಟು ಪಾಡ್ದನಕ್ಕೆ ಬರಬೇಕು.

ಪಾಡ್ದನದಲ್ಲಿ ಅವನ ಹೆಸರು ಬೀರ ಕಲ್ಕುಡ. ಶಂಭು ಕಲ್ಕುಡನ ಮಗ. ಅರಸ ಕರೆಸಿದ, ಅವನು ಬಂದ, ಗೊಮ್ಮಟನನ್ನು ಕಡೆದ. ಕೆಲಸ ಮುಗಿಯಿತು. ಇಂಥದ್ದೇ ಇನ್ನೊಂದನ್ನು ಬೇರೆ ಅರಸನಿಗೆ ಮಾಡಿಕೊಟ್ಟರೆ ತನ್ನ ದೊಡ್ಡಸ್ತಿಕೆ ಎಂತ ಉಳಿಯುತ್ತದೆ? ಭೈರರಸ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಕಲ್ಕುಡ ಸಾಯಲಿಲ್ಲ. ವೇಣೂರಿಗೆ ಹೋಗಿ ಉಳಿದ ಒಂದು ಕೈ, ಒಂದು ಕಾಲಿನಲ್ಲಿ ತಿಮ್ಮಣ್ಣ ಅಜಿಲನಿಗೆ ಮತ್ತೊಬ್ಬ ಗೊಮ್ಮಟನನ್ನು ಕಡೆದುಕೊಟ್ಟ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದಳು, ಕಂಡಳು. ಇಬ್ಬರೂ ಮಾಯಕ್ಕೆ ಸಂದು ದೈವಗಳಾದರು, ಕಾರ್ಕಳಕ್ಕೆ ಬೆಂಕಿ ಬಿತ್ತು.

ಇಲ್ಲಿ ಪಂಡಿತರು ನಗುತ್ತಾರೆ. ವೇಣೂರಿನ ಗೊಮ್ಮಟ ಆದದ್ದು 1604ರಲ್ಲಿ. ಎರಡರ ನಡುವೆ 172 ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಕಡೆಯಲು ಹೇಗೆ ಸಾಧ್ಯ? ಲೆಕ್ಕ ಸರಿಯಾಗಿಯೇ ಉಂಟು. ಆದರೆ ಪಾಡ್ದನ ಇಸವಿಯ ಲೆಕ್ಕ ಇಡುವುದಿಲ್ಲ. ಅದು ಇಡುವ ಲೆಕ್ಕ ಬೇರೆ. ಎರಡು ಅರಸುಮನೆಗಳು ತಮ್ಮ ತಮ್ಮ ಕೀರ್ತಿಗೆ ಪೈಪೋಟಿ ಮಾಡಿದಾಗ ನಡುವೆ ಸಿಕ್ಕಿಬಿದ್ದ ಕಸುಬಿನವನ ಗತಿ ಏನಾಯಿತು ಎಂಬುದನ್ನು ಜನ ಒಬ್ಬನ ಮೈಮೇಲೆ ಇಟ್ಟು ಹೇಳಿದರು. ಕೈ ಕಡಿದದ್ದು ನಡೆದಿರಲಿ, ಬಿಡಲಿ, ಹೆಸರು ಕಡಿದದ್ದಂತೂ ನಡೆದಿದೆ. ಅದಕ್ಕೆ ಶಾಸನವೇ ಸಾಕ್ಷಿ.

ಇನ್ನೊಂದು ಮಾತು. ಕಲ್ಕುಡ ದಲಿತನಲ್ಲ, ಕಲ್ಲು ಕೆತ್ತುವ ಆಚಾರಿ. ಆದರೆ ಅವನ ಕತೆಯನ್ನು ಇಷ್ಟು ಶತಮಾನ ಬಾಯಲ್ಲಿ ಇಟ್ಟುಕೊಂಡು ಕಾದವರು ಯಾರು? ದೈವ ಕಟ್ಟುವ ನಲಿಕೆಯವರು, ಪರವರು, ಪಂಬದರು. ಸರ್ಕಾರದ ಪಟ್ಟಿಯಲ್ಲಿ ಇವರೆಲ್ಲ ಪರಿಶಿಷ್ಟ ಜಾತಿ. ಮತ್ತೆ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನೇಜಿ ನೆಡುವ ಹೆಂಗಸರು. ನಾನು ಪಾಡ್ದನ ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ, ಅಂಥ ಗದ್ದೆಯಲ್ಲಿ. ಬರ್ನೆಲ್ ಎಂಬ ಇಂಗ್ಲಿಷ್ ಜಡ್ಜ್ ಹತ್ತೊಂಬತ್ತನೇ ಶತಮಾನದಲ್ಲಿ ಈ ಪಾಡ್ದನಗಳನ್ನು ಸಂಗ್ರಹಿಸಿದ್ದರಿಂದ ವಿದ್ವಾಂಸರಿಗೆ ಸಿಕ್ಕಿತು. ನಮ್ಮವರಿಗೆ ಅವನ ಉಪಕಾರ ಬೇಕಿರಲಿಲ್ಲ. ಈಗ ಬೇಕಾಗಿದೆ. ನೇಜಿಗೆ ಮೆಷಿನು ಬಂದಿದೆ, ಗದ್ದೆಯೇ ಹಡಿಲು ಬೀಳುತ್ತಿದೆ. ಹಳ್ಳಿ ಶಾಲೆಯ ಮಾಸ್ಟ್ರುಗಳು ಮನಸ್ಸು ಮಾಡಿ ತಮ್ಮ ಮಕ್ಕಳ ಅಜ್ಜಿಯರ ಬಾಯಿಂದ ಕೇಳಿ ಬರೆದಿಟ್ಟರೆ ದೊಡ್ಡ ಕೆಲಸ.

ಕಂಪನಿ ಸರ್ಕಾರದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ದಾರಿಯಲ್ಲಿ ಹೋದವ. ಕಾರ್ಕಳದ ಗೊಮ್ಮಟನ ಬಗ್ಗೆ ಬರೆದ. ಈ ಸೀಮೆಯ ಗದ್ದೆಗಳಲ್ಲಿ ಕೊಂಡು ಮಾರುವ ಆಳುಗಳ ಬಗ್ಗೆಯೂ ಬರೆದ. ನಮ್ಮ ಪಠ್ಯಪುಸ್ತಕಕ್ಕೆ ಗೊಮ್ಮಟ ಮಾತ್ರ ಬಂತು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಯಿತು. ಗದ್ದೆಯಲ್ಲಿ ಮೂಲದಾಳು ಮೂಲದಾಳಾಗಿಯೇ ಉಳಿದ.

ಆ ಗದ್ದೆಯ ದಾರಿ ಹಿಡಿದೇ ಉಡುಪಿಗೆ ಹೋಗಬೇಕು. ಹದಿಮೂರನೇ ಶತಮಾನದ ಮಧ್ವರು, ಅಷ್ಟಮಠ, ವಾದಿರಾಜರ ಕಾಲದಿಂದ ಎರಡು ವರ್ಷಕ್ಕೊಮ್ಮೆ ಪರ್ಯಾಯ. ಇದೆಲ್ಲ ಎಲ್ಲರಿಗೂ ಗೊತ್ತು. ಕನಕನ ಕಿಂಡಿಯೂ ಗೊತ್ತು. ಕನಕದಾಸ ಹೊರಗೆ ನಿಂತು ಹಾಡಿದ, ಗೋಡೆ ಬಿರುಕು ಬಿಟ್ಟಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂದು ಭಕ್ತಿಯಿಂದ ಹೇಳುತ್ತಾರೆ. ದೇವರು ತಿರುಗಿದ್ದನ್ನು ಹೇಳುವವರು ಮನುಷ್ಯರು ತಿರುಗದೆ ಇದ್ದದ್ದನ್ನು ಹೇಳುವುದಿಲ್ಲ. ಊಟದ ಪಂಕ್ತಿಭೇದದ ವಿರುದ್ಧ ಈ ಊರಲ್ಲಿ ಈ ಕಾಲದಲ್ಲೂ ದನಿ ಎತ್ತಬೇಕಾಯಿತು.

ನಾನು ಹೇಳಹೊರಟದ್ದು ಊಟದ ಅಕ್ಕಿಯ ಬಗ್ಗೆ. ಮಠಗಳು ದೊಡ್ಡ ಭೂಮಾಲೀಕರಾಗಿದ್ದವು. ಗೇಣಿಯ ಅಕ್ಕಿ ಮುಡಿ ಕಟ್ಟಿ ಬರುತ್ತಿತ್ತು. ಗೇಣಿ ಕೊಟ್ಟವ ಒಕ್ಕಲು, ಅವನ ಗದ್ದೆಯ ಕೆಸರಲ್ಲಿ ದುಡಿದವ ಮೂಲದಾಳು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಈ ಜಿಲ್ಲೆಯಲ್ಲಿ ಆದಷ್ಟು ಚೆನ್ನಾಗಿ ಬೇರೆ ಕಡೆ ಆಗಲಿಲ್ಲ ಎಂಬ ಮಾತು ನಿಜ. ಒಕ್ಕಲು ಡಿಕ್ಲರೇಶನ್ ಹಾಕಿದ, ಟ್ರಿಬ್ಯುನಲ್ಲಿಗೆ ಅಲೆದ, ಭೂಮಿ ಪಡೆದ. ಮಠಗಳೂ ಭೂಮಿ ಬಿಟ್ಟುಕೊಡಬೇಕಾಯಿತು. ಒಳ್ಳೆಯದೇ ಆಯಿತು. ಆದರೆ ಡಿಕ್ಲರೇಶನ್ ಹಾಕಬೇಕಾದರೆ ಗೇಣಿ ಚೀಟಿ ಬೇಕು, ಇಲ್ಲವೇ ತಾನು ಗೇಣಿದಾರ ಎಂದು ತೋರಿಸಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮ ಕೇಳಿದ್ದು ತುಂಡು ಭೂಮಿ. 41 ವರ್ಷ ಕಳೆದು ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗಲೂ ಚೋಮನಿಗೆ ಟ್ರಿಬ್ಯುನಲ್ಲಿನ ಬಾಗಿಲು ತಟ್ಟುವ ಅರ್ಹತೆ ಇರಲಿಲ್ಲ. ಅವನು ಗೇಣಿದಾರನಲ್ಲ, ಆಳು. ನಮ್ಮ ಎಷ್ಟೋ ಕೇರಿಗಳಿಗೆ ಇವತ್ತಿಗೂ ಮನೆ ಅಡಿಯ ಜಾಗ ಬಿಟ್ಟು ಬೇರೆ ಭೂಮಿ ಇಲ್ಲದ್ದಕ್ಕೆ ಕಾರಣ ಇಲ್ಲಿ ಉಂಟು.

ಉಡುಪಿಯ ಇನ್ನೊಂದು ಹೆಸರು ಸ್ವಚ್ಛ ಊರು ಎಂದು. ಕರಾವಳಿಯ ಪೇಟೆಗಳ ಕಸ, ಪಾಯಿಖಾನೆಯ ಕೆಲಸಕ್ಕೆ ಬಂದವರಲ್ಲಿ ಕೊರಗರು ಬಹಳ. ಕಾಡಿನ ಬಿಳಲು ತಂದು ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಜನ. ಪೇಟೆಯ ಮಲವೂ ಅವರ ತಲೆಗೇ ಬಂತು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. 1970ರ ದಶಕದ ಶುರುವಿನಲ್ಲಿ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿತು. ಆಗ ಅಧ್ಯಕ್ಷರಾಗಿದ್ದವರು ಜನಸಂಘದ ವಿ.ಎಸ್. ಆಚಾರ್ಯ. ನಮ್ಮ ಪಾಳಯದವರಲ್ಲ. ಆದರೂ ಆದದ್ದು ಆದದ್ದೇ. ಮುಂದೆ ಬಸವಲಿಂಗಪ್ಪನವರು ಮಂತ್ರಿಯಾಗಿ ಇಡೀ ರಾಜ್ಯದಲ್ಲಿ ಅದನ್ನು ನಿಷೇಧಿಸಿದರು. 1973ರಲ್ಲಿ ಬೂಸಾ ಎಂದದ್ದಕ್ಕೆ ಅವರ ಮಂತ್ರಿಗಿರಿ ಹೋದ ಕತೆ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಕೊಡುವ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಬೇಕಾದದ್ದು ಯಾವಾಗ ಗೊತ್ತುಂಟಾ? 2000ದಲ್ಲಿ. ಬ್ಯಾಂಕು, ಮೆಡಿಕಲ್ ಕಾಲೇಜು, ಆಫ್‌ಸೆಟ್ ಪ್ರೆಸ್ಸು ಎಲ್ಲ ಬಂದಾದ ಮೇಲೆ.

ಕೆಲವು ಗೆಳೆಯರು ಹೇಳುವುದುಂಟು: ಈ ಊರುಗಳು ಪುರೋಹಿತರದ್ದು, ಧಣಿಗಳದ್ದು, ಅವುಗಳ ಚರಿತ್ರೆ ಕಟ್ಟಿಕೊಂಡು ನಮಗೆ ಆಗಬೇಕಾದ್ದೇನು, ಬಿಟ್ಟುಬಿಡಿ ಎಂದು. ನಾನು ಒಪ್ಪುವುದಿಲ್ಲ. ಬಿಟ್ಟುಕೊಟ್ಟರೆ ಅವರಿಗೇ ಲಾಭ. 2016ರ ಅಕ್ಟೋಬರ್ 4ರಂದು ಬೆಂಗಳೂರಿನಿಂದ ಹೊರಟ ‘ಚಲೋ ಉಡುಪಿ’ ಜಾಥಾ 9ಕ್ಕೆ ಇಲ್ಲಿ ಮುಟ್ಟಿತು. ಗುಜರಾತಿನ ಊನಾದಲ್ಲಿ ದಲಿತ ಹುಡುಗರಿಗೆ ಹೊಡೆದ ಮೇಲೆ ಎದ್ದ ಚಳವಳಿಯ ಅಲೆ ಅದು. ಕೇಳಿದ್ದು ಎರಡೇ: ತಿನ್ನುವುದು ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು. ಉಡುಪಿಯನ್ನೇ ಆರಿಸಿದ್ದು ಊರನ್ನು ಬಿಟ್ಟುಕೊಡಬಾರದು ಎಂಬ ಕಾರಣಕ್ಕೇ ಎಂದು ನಾನು ತಿಳಿಯುತ್ತೇನೆ. ಅದೇ ತಿಂಗಳ 23ರಂದು ಮಠದ ಸುತ್ತ ‘ಕನಕ ನಡೆ’ ಎಂದು ಗುಡಿಸುವ ಕಾರ್ಯಕ್ರಮ ನಡೆಯಿತು. ಶುದ್ಧೀಕರಣ ಅಲ್ಲ, ಬರೇ ಸ್ವಚ್ಛತೆ ಎಂದು ಸಮಜಾಯಿಷಿಯೂ ಬಂತು. ಗುಡಿಸಹೊರಟದ್ದು ಯಾರ ಹೆಜ್ಜೆಯನ್ನು ಎಂದು ಜಾಥಾದಲ್ಲಿ ನಡೆದವರಿಗೆ ಅರ್ಥವಾಗಿದೆ.

ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹದಿನೈದು ನಿಮಿಷ. ಮುರಕಲ್ಲಿನ ಬೋಳು ಗುಡ್ಡವಾಗಿದ್ದ ಈ ಜಾಗ ದೊಡ್ಡದಾದ ಕತೆ ಎರಡಾಣೆಯ ಕತೆ. 1925ರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಒಂದು ಸಂಸ್ಥೆ ಹೂಡಿದರು. ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡುವುದು ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಶುರುವಾಯಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ತಗೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಮೀನು ಮಾರುವವಳ, ಬೀಡಿ ಕಟ್ಟುವವಳ, ಗೂಡಂಗಡಿಯವನ ಎರಡಾಣೆ. ಇವರನ್ನೆಲ್ಲ ಬ್ಯಾಂಕಿನ ಒಳಗೆ ಕರೆದದ್ದು ದೊಡ್ಡ ಯೋಚನೆ, ಅದನ್ನು ಮೆಚ್ಚಲೇಬೇಕು. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಕರಗಿ ಹೆಸರೂ ಹೋಯಿತು. ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಕರಗಿದ ಕಾರ್ಪೊರೇಶನ್ ಬ್ಯಾಂಕ್ ಇನ್ನೂ ಹಳೆಯದು. 1906ರಲ್ಲಿ ಉಡುಪಿಯಲ್ಲಿ ಅದನ್ನು ಹುಟ್ಟಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಕೃಷ್ಣನ ಊರಿಗೆ ಮೊದಲ ಬ್ಯಾಂಕು ಕೊಟ್ಟವರು ಒಬ್ಬ ಮುಸಲ್ಮಾನರು. ಇದನ್ನು ನೆನಪಿಡಿ, ಕಾಪುವಿನಲ್ಲಿ ಬೇಕಾಗುತ್ತದೆ.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಸರ್ಕಾರದ ಕೈಯಲ್ಲಿ ಆಗದ್ದನ್ನು ಟಿ.ಎಂ.ಎ. ಪೈ ಮಾಡಿದರು ಎಂದು ಎಲ್ಲರೂ ಬರೆಯುತ್ತಾರೆ. ಅದೂ ನಿಜ. ಬರೆಯದೆ ಬಿಡುವುದು ಇನ್ನೊಂದು. ಗುಡ್ಡದ ಮೇಲೆ ಪಾಠ ಕಲಿತ ಹುಡುಗರು ರೋಗಿಯ ಮೈ ಮುಟ್ಟಿ ವೈದ್ಯ ಕಲಿತದ್ದು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ವೆನ್ಲಾಕಿನ ಮಂಚದಲ್ಲಿ ಮಲಗುವವರು ಯಾರು? ಕಾಸಿಲ್ಲದವರು. ಆ ಬಡವರ ನೋವು ಖಾಸಗಿ ಕಾಲೇಜಿನ ಪಠ್ಯವಾಯಿತು. ಅದೇ ಬಡವರ ಮಕ್ಕಳಿಗೆ ಆ ಕಾಲೇಜಿನ ಫೀಸು ಕೈಗೆಟಕಲಿಲ್ಲ. ಕ್ಯಾಪಿಟೇಶನ್ ನಿಷೇಧಿಸುವ ಕಾನೂನು ರಾಜ್ಯಕ್ಕೆ 1984ರಲ್ಲಿ ಬೇಕಾಯಿತು. ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿಗೆ ಕಾನೂನು ಮಾಡಬಹುದು ಎಂದು ಸಂವಿಧಾನದ 93ನೇ ತಿದ್ದುಪಡಿ 2005ರಲ್ಲಿ ದಾರಿ ತೆರೆಯಿತು. ಮರುವರ್ಷ ಕೇಂದ್ರ ಮಾಡಿದ ಕಾನೂನು ತನ್ನ ಸಂಸ್ಥೆಗಳಿಗೆ ಮಾತ್ರ. ವಿದ್ಯಾರ್ಥಿ ಗೆಳೆಯರು ಹಿಡಿಯಬೇಕಾದ ಎಳೆ ಇದು. ಹಾಸ್ಟೆಲಿನ ಊಟದ ಜಗಳ ಸ್ವಲ್ಪ ತಡವಾದರೂ ನಡೆದೀತು.

ಕಾಪುವಿನ ದೀಪಸ್ತಂಭ 1901ರದ್ದು, ಸಮುದ್ರದ ಬಂಡೆಯ ಮೇಲೆ ಬ್ರಿಟಿಷರು ಕಟ್ಟಿದ್ದು. ಹಡಗಿನವರಿಗೆ ಅದು ಬೆಳಕು, ನಮ್ಮ ಜನಕ್ಕೆ ಭಾನುವಾರದ ಫೋಟೋ. ಕಾಪುವಿನ ನಿಜವಾದ ದೊಡ್ಡಸ್ತಿಕೆ ಮಾರಿಯಮ್ಮ. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆ, ಮಂಗಳವಾರ ಬುಧವಾರ. ಕೋಳಿ ಹಿಡಿದುಕೊಂಡು ಬರುವ ಜನಕ್ಕೆ ಜಾತಿ ಕೇಳುವವರಿಲ್ಲ. ರಸ್ತೆ ತುಂಬ ಕೋಳಿ, ಹೂ, ಬಳೆ, ಕಲ್ಲಂಗಡಿ. ಮಾರುವವರಲ್ಲಿ ಬ್ಯಾರಿಗಳು, ಸಾಹೇಬರು ಹಿಂದಿನಿಂದಲೂ ಇದ್ದವರು. ಸಿಡುಬು, ಕಾಲರಾ ಬಂದಾಗ ಊರು ಹೆದರಿ ಕೈಮುಗಿದ ತಾಯಿ ಇವಳು. ರೋಗಕ್ಕೆ ಮಡಿ ಮೈಲಿಗೆ ಇಲ್ಲ, ಇವಳಿಗೂ ಇರಲಿಲ್ಲ.

2022ರ ಮಾರ್ಚಿನಲ್ಲಿ ಸುಗ್ಗಿ ಮಾರಿಪೂಜೆಗೆ ಮುಂಚೆ ಹೊಸ ಮಾರಿಗುಡಿಯ ಅಂಗಡಿ ಜಾಗದ ಏಲಂ ಆಯಿತು. ಹಿಂದೂಗಳಿಗೆ ಮಾತ್ರ ಎಂದು ಹೇಳಿದರು. ಧಾರ್ಮಿಕ ದತ್ತಿಯ 2002ರ ನಿಯಮವನ್ನು ಆಧಾರಕ್ಕೆ ತೋರಿಸಿದರು. ಇಪ್ಪತ್ತು ವರ್ಷದಿಂದ ಇದ್ದ ನಿಯಮ ಆ ಸುಗ್ಗಿಗೆ ಕಣ್ಣಿಗೆ ಬಿತ್ತು. ಏಲಂ ಕೂಗುವ ಜಾಗದಲ್ಲಿ ನಮ್ಮ ಕೇರಿಯ ಹುಡುಗರೂ ಕೆಲವರು ಶಾಲು ಹಾಕಿ ನಿಂತಿದ್ದರೆ ಆಶ್ಚರ್ಯವಿಲ್ಲ; ಯಾರ ಸಾಲಿನಲ್ಲಿ ನಿಂತಿದ್ದೇವೆ ಎಂದು ಅವರಿಗೆ ಹೇಳಿಕೊಡಬೇಕಾದವರು ನಾವು. ಅದೇ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ಊದುತ್ತಾ ಬಂದದ್ದು ಒಂದು ಮುಸ್ಲಿಂ ಕುಟುಂಬ. ಅಂಗಡಿ ಹೂಡುವ ಹಾಗಿಲ್ಲ ಎಂದ ಆ ಸುಗ್ಗಿಗೂ ಅವರ ನಾಗಸ್ವರ ಬೇಡ ಎಂದವರಿಲ್ಲ.