ಲಕ್ಷಣವಾಗಿದ್ದಾಳೆ

‘ಹುಡುಗಿ ಲಕ್ಷಣವಾಗಿದ್ದಾಳೆ.’ ಬೆಂಗಳೂರಿನ ಜಯನಗರ, ಬನಶಂಕರಿಯ ಮನೆಗಳಲ್ಲಿ ಮದುವೆಯ ಮಾತು ಎದ್ದರೆ ಈ ವಾಕ್ಯವೂ ಬಂದೇ ಬರುತ್ತದೆ. ಸುಂದರಿ ಎನ್ನಲು ಹಿರಿಯರಿಗೆ ತುಸು ಸಂಕೋಚ. ಲಕ್ಷಣ ಮನೆಯೊಳಗಿನ ಮಾತು. ಅದರಲ್ಲಿ ಕಣ್ಣು, ಮೂಗು, ಮೈಬಣ್ಣದ ಜೊತೆಗೆ ನಡೆನುಡಿಯನ್ನೂ ಮೆಚ್ಚಿದಂತಾಗುತ್ತದೆ.

ಈ ಪದದ ತಿರುಗಾಟ ದೊಡ್ಡದು. ಮೋಡ ಕವಿದರೆ ಮಳೆ ಬರುವ ಲಕ್ಷಣ. ಜ್ವರ, ಕೆಮ್ಮು ರೋಗದ ಲಕ್ಷಣ. ಪುಸ್ತಕ ಮುಟ್ಟದೆ ಅಲೆಯುವ ಹುಡುಗನಿಗೆ ಉದ್ಧಾರವಾಗುವ ಲಕ್ಷಣವೇ ಇಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಲಕ್ಷಣಗ್ರಂಥ, ಕೇಶಿರಾಜನ ‘ಶಬ್ದಮಣಿದರ್ಪಣ’ವೂ ಲಕ್ಷಣಗ್ರಂಥ. ಇಲ್ಲೆಲ್ಲ ಅದು ಗುರುತು ಅಷ್ಟೆ. ಒಂದು ವಸ್ತು ಇಂಥದ್ದು ಎಂದು ಯಾವುದರಿಂದ ತಿಳಿಯುತ್ತದೋ ಅದು. ಚೆಲುವಿನ ಪ್ರಸ್ತಾಪವೇ ಇಲ್ಲ.

ಪದಗಳ ಇಂಥ ತಿರುವುಗಳನ್ನು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರಿಗೆ ಬಿಡಿಸಿ ಹೇಳುತ್ತಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ ನೆಲೆಸಿದ್ದದ್ದು ಇದೇ ಜಯನಗರದಲ್ಲಿ. 2021ರ ಏಪ್ರಿಲ್‌ನಲ್ಲಿ, 107 ದಾಟಿದ ಮೇಲೆ ಅವರು ತೀರಿಕೊಂಡರು. ಗುರುತು ಎಂಬರ್ಥದ ಪದ ಹೊಗಳಿಕೆಯಾದದ್ದು ಹೇಗೆ ಎಂಬುದು ಆ ಅಂಕಣಕ್ಕೆ ತಕ್ಕ ಪ್ರಶ್ನೆ. ಸಾಮುದ್ರಿಕ ಶಾಸ್ತ್ರ ಮೈಮೇಲಿನ ಗುರುತುಗಳಲ್ಲಿ ಶುಭ, ಅಶುಭ ಎಣಿಸಿತು. ಶುಭಲಕ್ಷಣ ಆಡುಮಾತಿನಲ್ಲಿ ಸವೆದು ಬರಿಯ ಲಕ್ಷಣವಾಗಿರಬೇಕು. ಅದರಾಚೆಗಿನದೆಲ್ಲ ಅವಲಕ್ಷಣ. ಹಣೆಗೆ ಬೊಟ್ಟಿಲ್ಲದಿದ್ದರೆ ಅವಲಕ್ಷಣ, ಸಂಜೆ ಹೊತ್ತು ತಲೆ ಕೆದರಿಕೊಂಡು ಕೂತರೆ ಅವಲಕ್ಷಣ. ‘ಲಕ್ಷಣವಾಗಿ ಕೂತ್ಕೊಂಡು ಓದು’ ಎಂದು ಅಜ್ಜಿ ಗದರಿದಾಗ ಅವರು ಮೊಮ್ಮಗನ ಮೂಗಿನ ಬಗ್ಗೆ ಹೇಳುತ್ತಿರುವುದಿಲ್ಲ, ನಡತೆಯ ಬಗ್ಗೆ.

ನೋಟವನ್ನೂ ನಡತೆಯನ್ನೂ ಹೀಗೆ ಒಂದೇ ಪದದಲ್ಲಿ ಕಟ್ಟಿಟ್ಟದ್ದರಿಂದ ಪೆಟ್ಟು ಬೀಳುವುದು ಮುಖ ಬೇರೆಯಾಗಿರುವವರಿಗೆ. ಸೀಳುತುಟಿಯ ಮಗು ಹುಟ್ಟಿದರೆ, ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇ, ತರಕಾರಿ ಹೆಚ್ಚಿದ್ದಳೇ ಎಂದು ವಿಚಾರಣೆ ನಡೆಸುವ ಮನೆಗಳು ಇನ್ನೂ ಇವೆ. ತುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ. ಎಷ್ಟೋ ತಾಯಂದಿರಿಗೆ ಬಸುರು ಎಂಬುದೇ ಆಗಿನ್ನೂ ಖಾತ್ರಿಯಾಗಿರುವುದಿಲ್ಲ. ಕೆಲವು ತಿಂಗಳ ಕೂಸಿಗೇ ಶಸ್ತ್ರಚಿಕಿತ್ಸೆ ಮಾಡಿ ತುಟಿ ಹೊಲಿಯುತ್ತಾರೆ. ತಾಯಿಯ ಮೇಲಿನ ಆರೋಪಕ್ಕೆ ಅಂಥ ಹೊಲಿಗೆ ಇಲ್ಲ.

ಆಸಿಡ್ ದಾಳಿಗೆ ತುತ್ತಾದವರ ಬಗ್ಗೆ ಕೇಳುವ ಮೊದಲ ಪ್ರಶ್ನೆಯೂ ಇದೇ ಜಾತಿಯದು: ಅವಳು ಏನು ಮಾಡಿದ್ದಳು? ಹಸೀನಾ ಹುಸೇನ್ ಮಾಡಿದ್ದು ಕೆಲಸ ಬಿಟ್ಟದ್ದು. 1999ರಲ್ಲಿ, ಬೆಂಗಳೂರಿನಲ್ಲಿ, ಹಿಂದಿನ ಮಾಲೀಕ ಅವರ ಮೇಲೆ ಆಸಿಡ್ ಸುರಿದ, ದೃಷ್ಟಿಯೂ ಹೋಯಿತು. ಕೆಳಗಿನ ಕೋರ್ಟು ಕೊಟ್ಟಿದ್ದ ಶಿಕ್ಷೆಯನ್ನು ಹೈಕೋರ್ಟ್ 2006ರಲ್ಲಿ ಜೀವಾವಧಿಗೆ ಏರಿಸಿತು. 2022ರ ಏಪ್ರಿಲ್‌ನಲ್ಲಿ ಸುಂಕದಕಟ್ಟೆಯಲ್ಲಿ, ಜೂನ್‌ನಲ್ಲಿ ಜಯನಗರದಿಂದ ಕೂಗಳತೆಯ ಸಾರಕ್ಕಿಯ ಬಳಿ ಮತ್ತೆ ಇಂಥವೇ ದಾಳಿಗಳು ನಡೆದವು.

ಯಂತ್ರಕ್ಕೂ ಈ ಲಕ್ಷಣದ ರೋಗ ಅಂಟಿದೆ. ಪ್ರಗ್ಯಾ ಪ್ರಸೂನ್ 2006ರಲ್ಲಿ ರೈಲಿನಲ್ಲಿ ಆಸಿಡ್ ದಾಳಿಗೆ ಒಳಗಾದವರು. ತಮ್ಮಂಥವರ ಚಿಕಿತ್ಸೆ, ಬದುಕಿಗಾಗಿ ದುಡಿಯುವ ಅತಿಜೀವನ್ ಫೌಂಡೇಶನ್ ಅನ್ನು ಬೆಂಗಳೂರಿನಲ್ಲಿ ಕಟ್ಟಿದವರು. 2023ರಲ್ಲಿ ಖಾತೆ ತೆರೆಯಲು ಬ್ಯಾಂಕಿಗೆ ಹೋದರೆ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು ಎಂದರು. ಎದುರಿಗಿರುವುದು ಜೀವಂತ ಮನುಷ್ಯರೇ ಎಂದು ಯಂತ್ರ ತಿಳಿಯುವುದು ಹಾಗಂತೆ. ಆಸಿಡ್ ರೆಪ್ಪೆಗೆ ಬಿದ್ದವರಿಗೆ ಮಿಟುಕಿಸಲಾಗದು. ಕೌಂಟರಿನ ಮುಂದೆ ನಿಂತು ಮಾತಾಡುತ್ತಿರುವ ಹೆಣ್ಣುಮಗಳಲ್ಲಿ ಯಂತ್ರಕ್ಕೆ ಜೀವದ ಲಕ್ಷಣ ಕಾಣಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರ ತೀರ್ಪು ಡಿಜಿಟಲ್ ಸೇವೆ ಪಡೆಯುವುದನ್ನು ಬದುಕುವ ಹಕ್ಕಿನ ಭಾಗ ಎಂದಿತು. ಕಣ್ಣು ಮಿಟುಕಿಸುವುದೊಂದನ್ನೇ ನೆಚ್ಚದೆ ಬೇರೆ ದಾರಿ ಇರಲಿ ಎಂಬುದೂ ಸೇರಿ 20 ನಿರ್ದೇಶನ ಕೊಟ್ಟಿತು. ಈ ನಗರದ ಒಬ್ಬ ಹೆಣ್ಣುಮಗಳ ಹಟದಿಂದ ದೇಶದ ಎಲ್ಲರಿಗೂ ಸಿಕ್ಕ ಹಕ್ಕು ಇದು. ಬ್ಯಾಂಕುಗಳ ಗೋಡೆಯ ಮೇಲೆ ಬರೆದು ಹಾಕಬೇಕಾದ ಸುದ್ದಿ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆಸಿಡ್ ಸಂತ್ರಸ್ತರನ್ನು 21 ಬಗೆಗಳ ಪಟ್ಟಿಯಲ್ಲಿ ಸೇರಿಸಿತು, ಒಳ್ಳೆಯದಾಯಿತು. ಬೆಂಕಿಯಲ್ಲಿ ಮುಖ ಸುಟ್ಟವರ, ಮುಖದ ಅರ್ಧ ಆವರಿಸಿದ ಹುಟ್ಟುಮಚ್ಚೆಯವರ ಹೆಸರು ಅಲ್ಲಿಲ್ಲ. ಇವರ ಬಗ್ಗೆ ಪತ್ರಿಕೆಗಳು ಬಳಸುವ ಪದ ವಿರೂಪ. ವಿರೂಪಾಕ್ಷ ಎಂದು ಮಗನಿಗೆ ಅಕ್ಕರೆಯಿಂದ ಹೆಸರಿಡುವ, ಒಂದು ಕೊಂಬು ಮುರಿದ ಏಕದಂತನಿಗೆ ಮೊದಲ ಪೂಜೆ ಸಲ್ಲಿಸುವ ನಾಡಿನಲ್ಲಿ ಆ ಪದ ಮನುಷ್ಯರ ಮೇಲೆ ಇಷ್ಟು ಕಠಿಣವಾಗಿ ಬೀಳಬೇಕಿಲ್ಲ.

ಜಯನಗರದ ಪೂರ್ವದ ಅಂಚಿಗೆ, ನಿಮ್ಹಾನ್ಸ್ ಪಕ್ಕದಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದವರು ನಾಡಿನ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಈ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ದವಡೆ ತೆಗೆದು ಎದೆಯ ಮಾಂಸವನ್ನೋ ಕಾಲಿನ ಮೂಳೆಯನ್ನೋ ತಂದು ಕೂರಿಸುವುದುಂಟು. ಜೀವ ಉಳಿಯುತ್ತದೆ, ಮುಖ ಬದಲಾಗಿರುತ್ತದೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಟವೆಲ್ಲು ಬಾಯಿಗೆ ಬರುತ್ತದೆ. ದಿಟ್ಟಿಸುವವರು ಕೆಲವರು, ಕಣ್ಣು ತಪ್ಪಿಸುವವರು ಹಲವರು. ಲಕ್ಷ್ಯ, ಅಲಕ್ಷ್ಯ ಎರಡೂ ಲಕ್ಷಣದ ಒಡಹುಟ್ಟಿದ ಪದಗಳು. ನಿಲ್ದಾಣದಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ. ಮಕ್ಕಳು ಮಾತ್ರ ನೇರವಾಗಿ ಕೇಳುತ್ತಾರೆ: ‘ಅಮ್ಮಾ, ಆ ತಾತಂಗೆ ಏನಾಗಿದೆ?’ ಕೈ ಎಳೆದು ಸುಮ್ಮನಾಗಿಸುವ ಬದಲು ‘ಆಪರೇಷನ್ ಆಗಿದೆ ಕಣೋ, ಈಗ ವಾಸಿಯಾಗ್ತಿದೆ’ ಎನ್ನಬಹುದು. ‘ಯಾವೂರಿಂದ ಬಂದಿದೀರಿ ಯಜಮಾನ್ರೇ?’ ಎಂದು ಅವರನ್ನೇ ಮಾತಾಡಿಸಿದರೆ ಇನ್ನೂ ಒಳ್ಳೆಯದು.